ದೋಣಿಯ ದೀಪಕ್ಕೆ ವೈಫೈ ಯಾಕೆ?

ಇದು ಬೈಗುಳದ ಬರಹ ಅಂತ ಮೊದಲೇ ಹೇಳಿಬಿಡ್ತೀನಿ. ಬೈಸಿಕೊಳ್ಳಬೇಕಾದವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುವವನು ನಾನೇ. ಆದ್ದರಿಂದ ಹಿಂದೆ ನಿಂತವರು ಬೇಜಾರು ಮಾಡ್ಕೋಬೇಡಿ.

ನಾನು ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಊರಲ್ಲಿ ಮನೆ. ನಾಲ್ಕು ವರ್ಷದ ಹಿಂದೆ ಮಂಗಳೂರಿನ ಗೆಳೆಯನೊಬ್ಬನ ಜೊತೆ ಪಾಲು ಹಾಕಿ ಹಳೇ ಹಾಯಿದೋಣಿಯೊಂದನ್ನು ಕೊಂಡೆ. ಇಪ್ಪತ್ತೆಂಟು ಅಡಿ ಉದ್ದ, ಫೈಬರ್‌ಗ್ಲಾಸ್ ಮೈ, ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಹಿರಿಯದು. 'ಹಾಯಿದೋಣಿ ಅಂದ್ರೆ ಕೋಟ್ಯಧಿಪತಿಗಳ ಆಟ ಅಲ್ವೇನೋ' ಅಂತ ಊರಲ್ಲಿ ಕೇಳ್ತಾರೆ. ಅಲ್ಲ. ನೀರು ಜಾಸ್ತಿ ಇರುವ ಈ ದೇಶದಲ್ಲಿ ಹಳೇ ದೋಣಿ ಹಳೇ ಕಾರಿನ ಬೆಲೆಗೆ ಸಿಗುತ್ತೆ. ದುಡ್ಡು ಹೋಗೋದು ಆಮೇಲೆ, ಬ್ಯಾಟರಿ, ವೈರು, ಪಂಪು ಅಂತ ಚೂರು ಚೂರಾಗಿ.

ಕಳೆದ ಆಗಸ್ಟ್ ಕೊನೆಯಲ್ಲಿ ಮೂರು ದಿನದ ಸುತ್ತಾಟಕ್ಕೆ ಹೋಗಿದ್ವಿ. ಇಲ್ಲಿ ಐಸೆಲ್‌ಮೇರ್ ಅಂತ ದೊಡ್ಡದೊಂದು ಸಿಹಿನೀರಿನ ಸರೋವರ ಇದೆ. ಹಿಂದೆ ಸಮುದ್ರದ ಭಾಗವೇ ಆಗಿತ್ತು. 1932ರಲ್ಲಿ ಒಡ್ಡು ಕಟ್ಟಿ ಮುಗಿಸಿದ ಮೇಲೆ ಸರೋವರವಾಯಿತು. ಸ್ಟಾವೊರೆನ್ ಎಂಬ ಊರಿಂದ ಹೊರಟು ಆಚೆ ದಡದ ಎಂಕ್‌ಹೌಜೆನ್‌ಗೆ ವಾಪಸ್ ಬರ್ತಿದ್ವಿ. ನಾನು, ಗೆಳೆಯ, ಅವನ ಒಂಬತ್ತು ವರ್ಷದ ಮಗಳು. ದೀಪ ಹಚ್ಚಿಯಾಗಿತ್ತು. ಕತ್ತಲಾಗುವ ಹೊತ್ತಿಗೆ ಗಾಳಿ ನಿಂತೇಹೋಯ್ತು. ಹಾಯಿ ಇಳಿಸದೆ ಇಂಜಿನ್ ಶುರು ಮಾಡಿದೆ. ಸ್ಟಾರ್ಟರ್ ಒಂದು ಸಲ ನರಳಿತು, ಇಂಜಿನ್ ಹತ್ತಿಕೊಂಡಿತು, ದೀಪಗಳೆಲ್ಲ ಆರಿಹೋದವು. ಎಡಗಡೆಯ ಕೆಂಪು, ಬಲಗಡೆಯ ಹಸಿರು, ಹಿಂದಿನ ಬಿಳಿ, ಒಂದೂ ಇಲ್ಲ.

ಬಲಗಡೆಯಿಂದ ಸರಕು ತುಂಬಿದ ಬಾರ್ಜೊಂದು ಬರ್ತಿತ್ತು. ಅದರ ದೀಪ ನಮಗೆ ಕಾಣ್ತಿತ್ತು. ನಮ್ಮದು ಅದಕ್ಕೆ ಕಾಣುವಂತಿರಲಿಲ್ಲ.

ಆಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಜೇಬಿಂದ ಫೋನ್ ತೆಗೆದದ್ದು. ದೀಪದ ಬಟನ್ ಇದ್ದದ್ದು ಫೋನಿನಲ್ಲಿ, ನಾನೇ ಬರೆದ ಒಂದು ಪುಟದಲ್ಲಿ. ಪುಟ ತೆರೆಯಲಿಲ್ಲ. 'ಎಂತದು ಮಾರಾಯ, ಸ್ವಿಚ್ ಎಲ್ಲಿದೆ?' ಅಂತ ಗೆಳೆಯ ಕೂಗಿದ. ಸ್ವಿಚ್ ಇರಲಿಲ್ಲ. ಹಳೇ ಸ್ವಿಚ್ ಬೋರ್ಡನ್ನು ಏಪ್ರಿಲ್‌ನಲ್ಲಿ ನಾನೇ ಕಿತ್ತು ಹಾಕಿದ್ದೆ, 'ಈ ಕಾಲದಲ್ಲೂ ಇಷ್ಟು ವೈರು ಯಾಕೆ' ಅಂತ. ಕೊನೆಗೆ ಆ ಹುಡುಗಿ ತನ್ನ ಟಾರ್ಚ್ ತಗೊಂಡು ಹಾಯಿಯ ಮೇಲೆ ಬೆಳಕು ಬಿಟ್ಟಳು. ಕತ್ತಲಲ್ಲಿ ಬೆಳಕು ಬಿದ್ದ ಬಿಳಿ ಹಾಯಿ ದೂರದವರೆಗೂ ಕಾಣುತ್ತೆ ಅಂತ ಮಕ್ಕಳ ಸೇಲಿಂಗ್ ತರಗತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಬಾರ್ಜಿನವನು ಒಂದು ಉದ್ದನೆಯ ಹಾರ್ನ್ ಹೊಡೆದು ದಾರಿ ತಿರುಗಿಸಿಕೊಂಡು ಹೋದ. ಆಮೇಲೆ ದಡ ಸೇರುವ ತನಕ ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.

ಅದಕ್ಕೇ ಈ ಬರಹ. ದೋಣಿಗೆ ಸೋಲಾರ್ ಹಾಕಿಸುವ, ಕೈಯಾರೆ ಎಲೆಕ್ಟ್ರಾನಿಕ್ಸ್ ಕಟ್ಟುವ ಹುಚ್ಚು ಈಗ ಬಹಳ ಜನಕ್ಕಿದೆ. ಒಳ್ಳೆಯ ಹುಚ್ಚೇ. ಆದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಕಟ್ಟಬೇಕು ಅನ್ನೋದನ್ನು ನಮ್ಮಂಥವರು ತಲೆಕೆಳಗು ಮಾಡಿಕೊಂಡಿದ್ದೀವಿ.

ಪೆಟ್ಟಿಗೆಯ ಸುಳ್ಳು

ಮರುದಿನ ಮಲ್ಟಿಮೀಟರ್ ಹಿಡಿದು ಕೂತೆವು. ಮೊದಲ ಕಳ್ಳ ಸಿಕ್ಕಿದ್ದು ಚಾರ್ಜ್ ಕಂಟ್ರೋಲರ್. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು, ಬ್ಯಾಟರಿಗೆ ಎಷ್ಟು ಬೇಕೋ ಅಷ್ಟೇ ಉಣಿಸುವ ಪೆಟ್ಟಿಗೆ ಅದು. ಗೆಳೆಯ ಆನ್‌ಲೈನಲ್ಲಿ ಹದಿನೆಂಟು ಯೂರೊ ಕೊಟ್ಟು ತರಿಸಿದ್ದ. ಮೇಲೆ ದಪ್ಪ ಅಕ್ಷರದಲ್ಲಿ 'ಎಂಪಿಪಿಟಿ' ಅಂತ ಬರೆದಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ.

ಲೆಕ್ಕ ಸುಲಭ ಇದೆ, ನೋಡಿ. 100 ವ್ಯಾಟಿನ ಮಾಮೂಲಿ 36 ಸೆಲ್ಲಿನ ಪ್ಯಾನೆಲ್ ಚೆನ್ನಾಗಿ ದುಡಿಯೋದು ಸುಮಾರು 18 ವೋಲ್ಟಿನಲ್ಲಿ. ಆಗ ಅದು ಕೊಡೋದು 5.5 ಆಂಪ್. ಬ್ಯಾಟರಿ ಇರೋದು 13 ವೋಲ್ಟಿನ ಆಸುಪಾಸಿನಲ್ಲಿ. ಪಿಡಬ್ಲ್ಯೂಎಂ ಅನ್ನೋ ಹಳೇ ಜಾತಿಯ ಕಂಟ್ರೋಲರ್ ಒಂದು ವೇಗದ ಸ್ವಿಚ್ ಅಷ್ಟೆ. ಪ್ಯಾನೆಲ್ಲನ್ನು ನೇರ ಬ್ಯಾಟರಿಗೆ ಕಟ್ಟುತ್ತೆ, ಬ್ಯಾಟರಿ ತುಂಬುತ್ತಾ ಬಂದಾಗ ಬಿಟ್ಟು ಬಿಟ್ಟು ಕಟ್ಟುತ್ತೆ. ಆಗ ಪ್ಯಾನೆಲ್ ಕೂಡ ಬ್ಯಾಟರಿಯ 13 ವೋಲ್ಟಿಗೇ ಇಳಿದು ದುಡಿಯಬೇಕು. 5.5 ಆಂಪ್ ಗುಣಿಸು 13 ವೋಲ್ಟ್, ಸಿಗೋದು 72 ವ್ಯಾಟ್. ಎಂಪಿಪಿಟಿ ಹಾಗಲ್ಲ. ಪ್ಯಾನೆಲ್ಲನ್ನು ಅದಕ್ಕೆ ಒಗ್ಗುವ ವೋಲ್ಟಿನಲ್ಲೇ ದುಡಿಯಲು ಬಿಟ್ಟು, ವೋಲ್ಟ್ ಇಳಿಸಿ ಆಂಪ್ ಏರಿಸಿ ಬ್ಯಾಟರಿಗೆ ಕೊಡುತ್ತೆ. ಅದೇ ಪ್ಯಾನೆಲ್ಲಿಂದ 7 ಆಂಪಿಗೂ ಮೇಲೆ. ಈ ಕೆಲಸಕ್ಕೆ ಒಳಗೊಂದು ತಾಮ್ರದ ಸುರುಳಿ ಬೇಕು. ಹಾಗಾಗಿ ನಿಜವಾದ ಎಂಪಿಪಿಟಿ ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತೆ. ನಮ್ಮ ಪೆಟ್ಟಿಗೆ ಬಿಸ್ಕತ್ ಪ್ಯಾಕೆಟ್ಟಿನಷ್ಟು ಹಗುರ ಇತ್ತು. ಬಿಚ್ಚಿದರೆ ಸುರುಳಿಯೇ ಇಲ್ಲ.

ಇನ್ನೂ ದೊಡ್ಡ ತಮಾಷೆ ಅಂದರೆ, ಎಂಪಿಪಿಟಿ ಅಂತ ನಂಬಿ ನಾವು ಎರಡು ಪ್ಯಾನೆಲ್ಲನ್ನು ಸೀರೀಸ್‌ನಲ್ಲಿ ಜೋಡಿಸಿದ್ವಿ. ಸೀರೀಸ್‌ನಲ್ಲಿ ವೋಲ್ಟ್ ಎರಡರಷ್ಟಾಗುತ್ತೆ, ಆಂಪ್ ಮಾತ್ರ ಅದೇ 5.5. ನಿಜವಾದ ಎಂಪಿಪಿಟಿಗೆ ಇದು ನೀರು ಕುಡಿದಷ್ಟು ಸಲೀಸು. ಸುಳ್ಳು ಎಂಪಿಪಿಟಿಯಲ್ಲಿ ಏನಾಗುತ್ತೆ? ಚಾವಣಿಯ ಮೇಲೆ 200 ವ್ಯಾಟ್, ಬ್ಯಾಟರಿಗೆ ಹೋಗೋದು ಅದೇ 72. ಇಡೀ ಬೇಸಿಗೆ ಒಂದು ಪ್ಯಾನೆಲ್ಲನ್ನು ಅಲಂಕಾರಕ್ಕೆ ಹೊತ್ತು ತಿರುಗಿದ್ವಿ.

ನಿಮ್ಮ ಪೆಟ್ಟಿಗೆಯನ್ನು ಪರೀಕ್ಷೆ ಮಾಡಬೇಕಾ? ಬ್ಯಾಟರಿ ಸ್ವಲ್ಪ ಖಾಲಿ ಇರುವಾಗ, ಬಿಸಿಲು ಚೆನ್ನಾಗಿರುವಾಗ, ಒಳಗೆ ಬರುವ ಆಂಪನ್ನೂ ಹೊರಗೆ ಹೋಗುವ ಆಂಪನ್ನೂ ಅಳೆಯಿರಿ. ಹೊರಗೆ ಹೋಗೋದು ಜಾಸ್ತಿ ಇದ್ದರೆ ಎಂಪಿಪಿಟಿ. ಎರಡೂ ಒಂದೇ ಆದರೆ ನಿಮಗೂ ಟೋಪಿ ಬಿದ್ದಿದೆ.

ಪಿಡಬ್ಲ್ಯೂಎಂ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದೇ ಸಣ್ಣ ಪ್ಯಾನೆಲ್, ಎರಡು ದೀಪ, ಬಿಸಿಲ ನಾಡು ಆದರೆ ಅದೇ ಸಾಕು. ಬಿಸಿಯಾದ ಪ್ಯಾನೆಲ್ಲಿನ ವೋಲ್ಟ್ ತಾನಾಗಿಯೇ ಇಳಿಯುವುದರಿಂದ ಎರಡರ ನಡುವಿನ ಅಂತರವೂ ಅಲ್ಲಿ ಕಡಿಮೆ. ಭಾಗ ಕಡಿಮೆ, ಕೆಡುವುದೂ ಕಡಿಮೆ. ನನ್ನ ತಕರಾರು ಪಿಡಬ್ಲ್ಯೂಎಂ ಮೇಲಲ್ಲ, ಅದರ ಮೇಲೆ ಬರೆದ ಸುಳ್ಳಿನ ಮೇಲೆ. ಮತ್ತೆ, ನೂರು ಜನ ಐದು ನಕ್ಷತ್ರ ಕೊಟ್ಟಿದ್ದಾರೆ ಅಂತ ಆ ಸುಳ್ಳನ್ನು ನಂಬಿದ ನಮ್ಮ ಮೇಲೆ. ಆ ನೂರು ಜನರಲ್ಲಿ ಅಳೆದು ನೋಡಿದವರು ಎಷ್ಟಿದ್ದಾರು?

ಹಾಸಿಗೆ ಮತ್ತು ಕಾಲು

ಎರಡನೇ ತಪ್ಪು ಪೆಟ್ಟಿಗೆಯದ್ದಲ್ಲ, ನಮ್ಮದು. ಕೊಳ್ಳುವ ಮೊದಲು ಖರ್ಚಿನ ಲೆಕ್ಕವನ್ನೇ ಹಾಕಿರಲಿಲ್ಲ. ಆಮೇಲೆ ಹಾಕಿದ ಲೆಕ್ಕ ಇಲ್ಲಿದೆ. ದಿನಕ್ಕೆ ಫ್ರಿಜ್ಜಿಗೆ 35 ಆಂಪಿಯರ್-ಅವರ್. ನಕ್ಷೆ ತೋರಿಸುವ ಪರದೆ ಮತ್ತು ರೇಡಿಯೊಗೆ 8. ಫೋನು, ಲ್ಯಾಪ್‌ಟಾಪಿಗೆ 7. ಎಲ್‌ಇಡಿ ದೀಪಗಳಿಗೆ ಬರೀ 2. ಇನ್ನು, ಇದನ್ನೆಲ್ಲ 'ಸ್ಮಾರ್ಟ್' ಮಾಡಲು ನಾನು ಇಟ್ಟಿದ್ದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ 10. ಹೌದು, ಹತ್ತು. ಹಗಲೂ ರಾತ್ರಿ 5 ವ್ಯಾಟ್ ತಿನ್ನುತ್ತಾ ಕೂತರೆ 24 ಗಂಟೆಗೆ ಅಷ್ಟಾಗುತ್ತೆ. ಒಟ್ಟು 62. ಸುಳ್ಳು ಪೆಟ್ಟಿಗೆ ದಿನಕ್ಕೆ ಕೊಡ್ತಿದ್ದದ್ದು 20ರ ಹತ್ತಿರ. ಅಂದರೆ ಬ್ಯಾಟರಿಯಲ್ಲಿ ಎಷ್ಟಿದೆ ಅಂತ ನೋಡಿ ಹೇಳುವ ಯಂತ್ರವೇ ಬಂದ ಆದಾಯದ ಅರ್ಧ ತಿಂತಿತ್ತು. ಸರ್ಕಾರಿ ಯೋಜನೆ ಥರ.

ಇಂಜಿನ್‌ಗೆ ಅಂತಲೇ ಇಟ್ಟ ಪ್ರತ್ಯೇಕ ಬ್ಯಾಟರಿ ನಮ್ಮಲ್ಲೂ ಇತ್ತು. ಎರಡನ್ನೂ ಬೇರೆ ಮಾಡುವ ಸ್ವಿಚ್ಚೂ ಇತ್ತು. ಆ ಸ್ವಿಚ್ಚಿನಲ್ಲಿ ಒಂದು, ಎರಡು, ಎರಡೂ ಅಂತ ಮೂರು ಜಾಗ. ನಾವು ಮೂರು ದಿನವೂ 'ಎರಡೂ'ದಲ್ಲೇ ಬಿಟ್ಟಿದ್ವಿ. ಫ್ರಿಜ್ಜು ಇಂಜಿನ್ನಿನ ಪಾಲನ್ನೂ ಉಂಡಿತ್ತು.

ಸರಿಯಾದ ಕಂಟ್ರೋಲರ್ ಇದ್ದಿದ್ದರೆ ಆಗಸ್ಟಿನ ಒಳ್ಳೇ ದಿನ 45ರ ತನಕ ಸಿಕ್ಕೀತು. ಆಗಲೂ ಖರ್ಚು ಜಾಸ್ತಿಯೇ. ಈ ದೇಶದಲ್ಲಿ ಜೂನ್ ತಿಂಗಳ ಬಿಸಿಲಿಗೂ ಡಿಸೆಂಬರ್ ಬಿಸಿಲಿಗೂ ಸುಮಾರು ಹತ್ತು ಪಟ್ಟು ವ್ಯತ್ಯಾಸ. ದೋಣಿಯ ಮೇಲಂತೂ ಕಂಬದ ನೆರಳು, ಹಗ್ಗದ ನೆರಳು, ಒಣಗಲು ಹಾಕಿದ ಟವೆಲ್ಲಿನ ನೆರಳು. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಆದಾಯ ಅರ್ಧಕ್ಕೆ ಇಳಿದೀತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರಿಗೆ ಆಂಪಿಯರ್-ಅವರ್ ಗೊತ್ತಿರಲಿಲ್ಲ, ಆದರೆ ಸೋಲಾರ್ ಕೊಳ್ಳುವವರಿಗೆ ಅದಕ್ಕಿಂತ ಒಳ್ಳೇ ಸಲಹೆ ಇಲ್ಲ. ಮೊದಲು ಖರ್ಚು ಬರೆಯಿರಿ, ಆಮೇಲೆ ಪ್ಯಾನೆಲ್, ಕೊನೆಗೆ ಕಂಟ್ರೋಲರ್. ನಾವೆಲ್ಲ ಮಾಡೋದು ಉಲ್ಟಾ: ಮೊದಲು ರಿಯಾಯಿತಿ ನೋಡ್ತೀವಿ.

ನನ್ನ ಕೋಡಿನ ಕಥೆ

ಮೂರನೇ ಕಳ್ಳನನ್ನು ಹಿಡಿಯಲು ಮಲ್ಟಿಮೀಟರ್ ಬೇಕಾಗಲಿಲ್ಲ, ಕನ್ನಡಿ ಸಾಕಾಯ್ತು.

ದೀಪಗಳನ್ನು ಹಚ್ಚೋದು, ಆರಿಸೋದು ನಾನು ಕಟ್ಟಿದ ರಿಲೇ ಬೋರ್ಡಿನ ಕೆಲಸ. ಅದನ್ನು ನಡೆಸೋದು ಇಎಸ್‌ಪಿ32 ಅನ್ನೋ ಬೆರಳುದ್ದದ ಚಿಪ್ಪಿನ ಹಲಗೆ. ಸ್ಟಾರ್ಟರ್ ಒಂದೇ ಸಲಕ್ಕೆ ನೂರಾರು ಆಂಪ್ ಎಳೆದಾಗ, ಮೊದಲೇ ಸೊರಗಿದ್ದ ಬ್ಯಾಟರಿಯ ವೋಲ್ಟ್ ಕುಸಿಯಿತು. ಇಎಸ್‌ಪಿ32 ರೀಸ್ಟಾರ್ಟ್ ಆಯ್ತು. ರಿಲೇಗಳೆಲ್ಲ ಬಿಟ್ಟುಕೊಂಡವು. ಇಷ್ಟೇ ಆಗಿದ್ದರೆ ಎರಡು ಸೆಕೆಂಡಿನಲ್ಲಿ ದೀಪ ಮತ್ತೆ ಹತ್ತಬೇಕಿತ್ತು. ಆದರೆ ನನ್ನ ಪ್ರೋಗ್ರಾಮಿನ ಶುರುವಿನಲ್ಲೇ ಒಂದು ಸಾಲು ಇತ್ತು: ವೈಫೈ ಸಿಗುವ ತನಕ ಕಾಯಿ. ವೈಫೈ ಕೊಡಬೇಕಾದದ್ದು ರಾಸ್ಪ್‌ಬೆರಿ ಪೈ. ಅದೂ ಅದೇ ಕ್ಷಣ ಕರೆಂಟು ಹೋಗಿ ಬಂದು, ಮೆಮೊರಿ ಕಾರ್ಡ್ ಕೆಟ್ಟು, ಏಳಲೇ ಇಲ್ಲ. ಅಂದರೆ ದೀಪ ರಿಲೇಯನ್ನು ನಂಬಿತ್ತು, ರಿಲೇ ಚಿಪ್ಪನ್ನು, ಚಿಪ್ಪು ವೈಫೈಯನ್ನು, ವೈಫೈ ಪೈಯನ್ನು, ಪೈ ಉಗುರಿನಷ್ಟು ಅಗಲದ ಒಂದು ಕಾರ್ಡನ್ನು. ಬ್ಯಾಟರಿಯಿಂದ ದೀಪಕ್ಕೆ ಒಂದು ವೈರು ಎಳೆದು ನಡುವೆ ಒಂದು ಸ್ವಿಚ್ ಇಟ್ಟರೆ ಮುಗಿಯುವ ಕೆಲಸಕ್ಕೆ ಐದು ಮೆಟ್ಟಿಲು ಕಟ್ಟಿದ್ದೆ. ಐದಕ್ಕೂ ಸೇರಿ ಒಂದೇ ಬ್ಯಾಟರಿ.

'ಟೆಸ್ಟ್ ಮಾಡಿರಲಿಲ್ವಾ?' ಅಂತ ಕೇಳ್ತೀರಿ. ಮಾಡಿದ್ದೆ. ದಡಕ್ಕೆ ಕಟ್ಟಿದ ದೋಣಿಯಲ್ಲಿ, ದಡದ ಕರೆಂಟು ಹಾಕಿಕೊಂಡು, ಕಾಫಿ ಕುಡಿಯುತ್ತಾ. ಆಫೀಸಿನಲ್ಲಿ 'ನನ್ನ ಮಿಷಿನ್ನಲ್ಲಿ ಕೆಲಸ ಮಾಡ್ತಿದೆ' ಅಂದವರನ್ನು ನೋಡಿ ನಗುವ ನಾನು ದೋಣಿಯಲ್ಲಿ ಅದನ್ನೇ ಮಾಡಿದ್ದೆ. ಆಫೀಸಿನಲ್ಲಿ ತಪ್ಪಾದರೆ ಹಿಂದಿನ ಆವೃತ್ತಿ ಹಾಕಿ ಕ್ಷಮೆಯ ಮೇಲ್ ಕಳಿಸ್ತೀವಿ. ಬಾರ್ಜಿಗೆ ಮೇಲ್ ಕಳಿಸೋಕಾಗಲ್ಲ.

ಮೂರು ಪಂಗಡಗಳು

ಈಗ ಬೇರೆಯವರನ್ನು ಬೈಯುವ ಅರ್ಹತೆ ಬಂತು ಅಂದ್ಕೊಳ್ತೀನಿ.

ಮೊದಲನೆಯವರು ಆಪ್ ಭಕ್ತರು. ಕಂಟ್ರೋಲರ್ ಹೇಗಿದೆ ಅಂದರೆ ಆಪ್ ಹೇಗಿದೆ ಅಂತ ಹೇಳ್ತಾರೆ. ಗ್ರಾಫು ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ. ಪ್ಯಾನೆಲ್ಲಿನ ಕಡೆ ಎಷ್ಟು ವೋಲ್ಟ್ ತಡೆಯುತ್ತೆ? ಗೊತ್ತಿಲ್ಲ. ಪ್ಯಾನೆಲ್ಲಿನ ವೋಲ್ಟ್ ಚಳಿಗೆ ಏರುತ್ತೆ, ಒಂದೊಂದು ಡಿಗ್ರಿ ಇಳಿದಂತೆ ಸುಮಾರು ಸಾವಿರಕ್ಕೆ ಮೂರು ಪಾಲು. ಬೇಸಿಗೆಯಲ್ಲಿ ಸರಿಯಾಗಿದ್ದ ಪೆಟ್ಟಿಗೆ ಚಳಿಗಾಲದ ಒಂದು ಬಿಸಿಲು ಬೆಳಗ್ಗೆ ಮಿತಿ ಮೀರಿ ಸುಟ್ಟುಹೋದರೆ ಆಪು ಬರೀ 'ಸಂಪರ್ಕ ಇಲ್ಲ' ಅನ್ನುತ್ತೆ.

ಎರಡನೆಯವರು ಜುಗಾಡು ವೀರರು. ಇವರಿಗೆ ಭಯವೇ ಇಲ್ಲ, ಅದೇ ತೊಂದರೆ. ಲಿಥಿಯಂ ಸೆಲ್ಲುಗಳನ್ನು ಬಿಡಿಬಿಡಿಯಾಗಿ ತರಿಸಿ ಹಲಗೆ ಪೆಟ್ಟಿಗೆಯಲ್ಲಿ ಜೋಡಿಸ್ತಾರೆ, ಮನೆಗೆ ತಂದು ಉಳಿದ ವೈರು ಹಾಕ್ತಾರೆ, ಫ್ಯೂಸ್ ಆಮೇಲೆ ಹಾಕೋಣ ಅಂತಾರೆ. ಸ್ವಾಮಿ, ಫ್ಯೂಸ್ ಇರೋದು ಯಂತ್ರವನ್ನು ಕಾಯೋಕಲ್ಲ, ವೈರನ್ನು ಕಾಯೋಕೆ. ದೋಣಿಯ ಒಂದು ಬ್ಯಾಟರಿ ಶಾರ್ಟ್ ಆದರೆ ಸಾವಿರ ಆಂಪಿಗೂ ಮೇಲೆ ಹರಿಯಬಹುದು. ವೈರು ಹೀಟರ್ ಕಾಯಿಲ್ಲಿನ ಥರ ಕೆಂಪಗಾಗುತ್ತೆ. ಅಮೆರಿಕದ ದೋಣಿ ಮಾನಕ ಫ್ಯೂಸನ್ನು ಬ್ಯಾಟರಿಯಿಂದ ಏಳು ಇಂಚಿನೊಳಗೆ ಇಡಿ ಅಂತ ಸುಮ್ಮನೆ ಹೇಳಿಲ್ಲ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರನ್ನು ಕಾಯುವವರು ಯಾರೂ ಇಲ್ಲ, ಅದಕ್ಕೆ ಅದು ಗಿಡ್ಡವಾಗಿರಬೇಕು. ಬೆಸುಗೆಯೊಂದನ್ನೇ ನಂಬಬೇಡಿ, ಕ್ರಿಂಪ್ ಮಾಡಿ ಅಂತಲೂ ಅದೇ ಮಾನಕ ಹೇಳುತ್ತೆ. ದೋಣಿ ಸದಾ ನಡುಗುತ್ತೆ, ಬೆಸುಗೆ ಕುಡಿದು ಗಟ್ಟಿಯಾದ ವೈರು ಅದರ ಅಂಚಿನಲ್ಲೇ ಮುರಿಯುತ್ತೆ. ಇನ್ನು ಮನೆಯಲ್ಲಿ ಬೆಂಕಿ ಬಿದ್ದರೆ ಹೊರಗೆ ಓಡಬಹುದು. ದೋಣಿಯಲ್ಲಿ ಓಡೋದು ಎಲ್ಲಿಗೆ?

ಮೂರನೆಯವರು 'ಮುಟ್ಟಬೇಡಿ' ಪಂಡಿತರು. ಇವರು ಅಂಗಡಿಯವರು. ನಾನೊಂದು ಕಡೆ ಹಿಂದಿನ ಕೆಲಸದ ವೈರಿಂಗ್ ನಕ್ಷೆ ಕೊಡಿ ಅಂತ ಕೇಳಿದೆ. ಬಿಲ್ಲು ಕೊಟ್ಟರು, ನಕ್ಷೆ ಕೊಡಲಿಲ್ಲ. 'ಏನಾದ್ರೂ ಆದ್ರೆ ನಮಗೆ ಫೋನ್ ಮಾಡಿ' ಅಂದರು. ಏನಾದರೂ ಆಗೋದು ರಾತ್ರಿ ಹತ್ತಕ್ಕೆ, ದಡದಿಂದ ಐದು ಮೈಲಿ ದೂರದಲ್ಲಿ. ತನ್ನ ದೋಣಿಯ ಫ್ಯೂಸ್ ಎಲ್ಲಿದೆ ಅಂತ ಗೊತ್ತಿಲ್ಲದ ಮಾಲೀಕನನ್ನು ತಯಾರು ಮಾಡುವ ವ್ಯಾಪಾರ ಇದು. ಜುಗಾಡು ವೀರರು ಹುಟ್ಟಿಕೊಂಡದ್ದೇ ಇವರಿಂದ.

ಕಾಯೋದು, ನೋಡೋದು

ಹಾಗಾದರೆ ಕೊಳ್ಳೋದು ಯಾವುದು, ಕಟ್ಟೋದು ಯಾವುದು? ನಾನು ಕಲಿತದ್ದು ಒಂದೇ ಸೂತ್ರ: ಕಾಯೋದನ್ನು ಕೊಳ್ಳಿ, ನೋಡೋದನ್ನು ಕಟ್ಟಿ.

ಕೆಟ್ಟರೆ ಬೆಂಕಿ, ಕತ್ತಲೆ, ಡಿಕ್ಕಿ ತರುವಂಥದ್ದೆಲ್ಲ ಕಾಯುವ ಜಾತಿ. ಚಾರ್ಜ್ ಕಂಟ್ರೋಲರ್, ಫ್ಯೂಸ್, ಲಿಥಿಯಂ ಬ್ಯಾಟರಿಯನ್ನು ಕಾಯುವ ಬಿಎಂಎಸ್, ದೀಪದ ಸ್ವಿಚ್. ಇವನ್ನು ಪರೀಕ್ಷೆ ಮಾಡಿಯೇ ಮಾರುವವರಿಂದ ಕೊಳ್ಳಿ. ಕೆಟ್ಟರೆ 'ಅಯ್ಯೋ, ಗೊತ್ತಾಗಲಿಲ್ವಲ್ಲ' ಅಂತ ಮಾತ್ರ ಅನ್ನಿಸುವಂಥದ್ದು ನೋಡುವ ಜಾತಿ. ಬ್ಯಾಟರಿ ಎಷ್ಟಿದೆ, ತಳದ ಪಂಪು ದಿನಕ್ಕೆ ಎಷ್ಟು ಸಲ ಓಡಿತು, ಫ್ರಿಜ್ಜಿನೊಳಗೆ ಎಷ್ಟು ಡಿಗ್ರಿ. ಇವನ್ನು ಧಾರಾಳವಾಗಿ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ. ಒಂದೇ ಷರತ್ತು: ನೀವು ಕಟ್ಟಿದ್ದರ ಫ್ಯೂಸ್ ಕಿತ್ತು ಬಿಸಾಡಿದರೂ ದೋಣಿ ಮನೆ ಸೇರಬೇಕು. ನೀವು ಕಟ್ಟಿದ್ದು ಓದಲಿ, ಆಳೋದು ಬೇಡ.

ಕಂಟ್ರೋಲರ್ ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ಒಂದು, ಫೋನ್ ನೀರಿಗೆ ಬಿದ್ದರೂ ಇದು ತನ್ನ ಪಾಡಿಗೆ ಚಾರ್ಜ್ ಮಾಡುತ್ತಾ? ಎರಡು, ಪ್ಯಾನೆಲ್ ಕಡೆಯ ಗರಿಷ್ಠ ವೋಲ್ಟ್, ಬ್ಯಾಟರಿ ಕಡೆಯ ಗರಿಷ್ಠ ಆಂಪ್ ಸ್ಪಷ್ಟವಾಗಿ ಬರೆದಿದೆಯಾ? 100/20 ಅಂತ ಹೆಸರಲ್ಲೇ ಇದ್ದರೆ 100 ವೋಲ್ಟ್, 20 ಆಂಪ್ ಅಂತ ಅರ್ಥ. ಮೂರು, ಚಾರ್ಜಿನ ವೋಲ್ಟನ್ನು ನಾನು ಬದಲಾಯಿಸಬಹುದಾ? ಸೀಸದ ಬ್ಯಾಟರಿಗೆ 14.4 ವೋಲ್ಟಿನ ಸುತ್ತ ಹೊಟ್ಟೆ ತುಂಬಿಸಿ ಆಮೇಲೆ 13.5ರ ಸುತ್ತ ಇಳಿಸಿ ಇಡಬೇಕು. ಲಿಥಿಯಂ ಐರನ್ ಫಾಸ್ಫೇಟಿನ ಊಟದ ಪದ್ಧತಿಯೇ ಬೇರೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು. ನಾಲ್ಕು, ಅದರೊಳಗಿನ ಅಂಕಿಗಳನ್ನು ನಾನು ಓದಬಹುದಾ, ಅದರ ಭಾಷೆಯನ್ನು ಕಂಪನಿ ಪ್ರಕಟಿಸಿದೆಯಾ?

ನಾಲ್ಕನೇ ಪ್ರಶ್ನೆಯೇ ನಮ್ಮಂಥವರಿಗೆ ಮುಖ್ಯ. ಈ ದೇಶದ್ದೇ ಆದ, 1975ರಲ್ಲಿ ಶುರುವಾದ ವಿಕ್ಟ್ರಾನ್ ಕಂಪನಿ ತನ್ನ ಕಂಟ್ರೋಲರುಗಳ ಸೀರಿಯಲ್ ಭಾಷೆಯನ್ನು ಎಲ್ಲರಿಗೂ ಓದಲು ಸಿಗುವಂತೆ ಇಟ್ಟಿದೆ. 19,200 ಬಾಡ್ ವೇಗ, ಸೆಕೆಂಡಿಗೊಮ್ಮೆ ವೋಲ್ಟು, ಆಂಪು, ವ್ಯಾಟು ಸಾದಾ ಅಕ್ಷರದಲ್ಲಿ ಬರುತ್ತೆ. ನಾನೀಗ ಕೊಂಡಿರೋದು ಅದನ್ನೇ. ಅವರು ನನಗೆ ದುಡ್ಡು ಕೊಟ್ಟಿಲ್ಲ, ನಾನೇ ಅವರಿಗೆ ಕೊಟ್ಟಿದ್ದು. ಬೇರೆ ಯಾರಾದರೂ ಇಷ್ಟೇ ತೆರೆದಿಟ್ಟರೆ ಅವರದ್ದನ್ನೂ ಕೊಳ್ತೀನಿ. ಕಂಪನಿ ಕಾಯಲಿ, ನಾನು ನೋಡ್ತೀನಿ ಅನ್ನೋ ಒಪ್ಪಂದಕ್ಕೆ ಆ ಒಂದು ಪುಟ್ಟ ಪೋರ್ಟು ಸಾಕು.

ನೋಡುವ ಕೆಲಸಕ್ಕೆ ಬೇಕಾದ ಸಾಮಾನು ಈಗ ಬೇಕಾದಷ್ಟಿದೆ. ದೋಣಿಯ ಉಪಕರಣಗಳ ಹಳೇ ಭಾಷೆ ಎನ್‌ಎಂಇಎ 0183 ಬರೀ 4,800 ಬಾಡಿನ ಅಕ್ಷರಗಳು, ಕಾಲೇಜು ಹುಡುಗರೂ ಓದಬಹುದು. ಸಿಗ್ನಲ್ ಕೆ, ಓಪನ್‌ಸಿಪಿಎನ್ ಥರದ ಮುಕ್ತ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಆದರೆ ಕಟ್ಟಿದ ಮೇಲೆ ಒಂದು ಪರೀಕ್ಷೆ ಮರೆಯಬೇಡಿ. ಅಗ್ಗದ ಎಲ್‌ಇಡಿ, ಅಗ್ಗದ ವೋಲ್ಟ್ ಇಳಿಸುವ ಬೋರ್ಡು, ಅಗ್ಗದ ಕಂಟ್ರೋಲರ್ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಎಲ್‌ಇಡಿ ದೀಪಗಳಿಂದ ದೋಣಿಯ ವಿಎಚ್‌ಎಫ್ ರೇಡಿಯೊ ಕಿವುಡಾಗುತ್ತಿದೆ ಅಂತ ಅಮೆರಿಕದ ಕರಾವಳಿ ಕಾವಲು ಪಡೆ 2018ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಿತು. ಪರೀಕ್ಷೆ ಹೀಗೆ: ಎಲ್ಲ ಆರಿಸಿ, ರೇಡಿಯೊವನ್ನು ಯಾರೂ ಮಾತಾಡದ ಚಾನೆಲ್ಲಿಗೆ ಇಟ್ಟು, ಗೊರಗೊರ ಸದ್ದು ಆಗಷ್ಟೇ ನಿಲ್ಲುವ ಹಾಗೆ ಸ್ಕ್ವೆಲ್ಚ್ ಗುಬ್ಬಿ ತಿರುಗಿಸಿ. ಆಮೇಲೆ ನಿಮ್ಮ ಯಂತ್ರ ಹಚ್ಚಿ. ಮತ್ತೆ ಗೊರಗೊರ ಬಂತಾ? ನೀವು ಕಟ್ಟಿದ್ದು ಸಹಾಯಕ್ಕೆ ಕೂಗುವವರ ದನಿಯನ್ನು ಮುಚ್ಚುತ್ತಿದೆ. ಎಷ್ಟೇ ಚೆಂದ ಇದ್ದರೂ ಅದನ್ನು ತೆಗೆಯಿರಿ.

'ಎಲ್ಲರೂ ಹೀಗೆ ಹೆದರಿದರೆ ಹೊಸದು ಹುಟ್ಟೋದು ಹೇಗೆ? ಕಂಟ್ರೋಲರನ್ನೇ ಕೈಯಾರೆ ಮಾಡಿದವರಿಲ್ವಾ?' ಅಂತ ಒಬ್ಬ ಗೆಳೆಯ ಜಗಳ ತೆಗೆದ. ಇದ್ದಾರೆ, ಅವರ ಬಗ್ಗೆ ಗೌರವವೂ ಇದೆ. ಮಾಡಬೇಕು ಅನ್ನಿಸಿದರೆ ಮೇಜಿನ ಮೇಲೆ ಮಾಡಿ, ಸಣ್ಣ ಬ್ಯಾಟರಿ ಇಟ್ಟು, ಫ್ಯೂಸ್ ಹಾಕಿ, ಒಂದು ಬೇಸಿಗೆ, ಒಂದು ಚಳಿಗಾಲ ಓಡಿಸಿ ನೋಡಿ. ಎಂಪಿಪಿಟಿ ಏನು ಅಂತ ನನಗೆ ನಿಜವಾಗಿ ಅರ್ಥವಾದದ್ದೇ ಮೇಜಿನ ಮೇಲೆ ಒಂದನ್ನು ಸುಟ್ಟಾಗ. ಪ್ರಯೋಗಕ್ಕೆ ನನ್ನ ತಕರಾರಿಲ್ಲ. ಗೆಳೆಯನ ಮಗಳನ್ನು ಕೂರಿಸಿಕೊಂಡು ಪ್ರಯೋಗ ಮಾಡೋದಕ್ಕೆ ತಕರಾರಿದೆ.

ಅಜ್ಜಿಯ ಮೂರು ದೀಪ

ಇದನ್ನೆಲ್ಲ ಕಲಿಯೋಕೆ ನಾನು ಇಷ್ಟು ದೂರ ಬರಬೇಕಾಗಿರಲಿಲ್ಲ. ಸಾಗರದ ಕಡೆ ನಮ್ಮ ಅಜ್ಜಿಮನೆಯಲ್ಲಿ ಮಳೆಗಾಲ ಬಂದರೆ ವಾರಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಅಲ್ಲೊಂದು ಸೋಲಾರ್ ಪ್ಯಾನೆಲ್, ಜಗಲಿಯ ಗೋಡೆಯಲ್ಲಿ ಒಂದು ಪೆಟ್ಟಿಗೆ, ನಾಲ್ಕು ದೀಪ, ಒಂದು ಸಣ್ಣ ಟೀವಿ. ಆ ಪೆಟ್ಟಿಗೆಯೂ ಚಾರ್ಜ್ ಕಂಟ್ರೋಲರೇ ಅಂತ ನನಗೆ ತಿಳಿದದ್ದು ಇಪ್ಪತ್ತು ವರ್ಷ ಆದ ಮೇಲೆ. ಅದರಲ್ಲಿದ್ದದ್ದು ಹಸಿರು, ಹಳದಿ, ಕೆಂಪು, ಮೂರು ಪುಟ್ಟ ದೀಪ. 'ಮಾಣಿ, ಕೆಂಪು ಬಂತು, ಟೀವಿ ಆರ್ಸು' ಅಂತ ಅಜ್ಜಿ ಒಳಗಿಂದಲೇ ಕೂಗೋರು. ಕ್ರಿಕೆಟ್ಟಿನ ಕೊನೇ ಓವರ್ ಇದ್ದರೂ ಅಪೀಲು ಇಲ್ಲ. ಬ್ಯಾಟರಿಗೆ ನೀರು ಹಾಕಿದ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತಿತ್ತು. ಕೆಟ್ಟರೆ ಪೇಟೆಯಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದು ಅಲ್ಲೇ ಬಿಚ್ಚಿ ಸರಿ ಮಾಡಿ, ಕಾಫಿ ಕುಡಿದು ಹೋಗೋನು.

1995ರಲ್ಲಿ ಹರೀಶ್ ಹಂದೆ ಮತ್ತು ಜೊತೆಗಾರರು ಕರ್ನಾಟಕದಲ್ಲಿ ಸೆಲ್ಕೊ ಶುರು ಮಾಡಿದಾಗ ಹಿಡಿದದ್ದೂ ಇದೇ ದಾರಿ. ಪ್ಯಾನೆಲ್ ಮಾರಿ ಕೈ ತೊಳೆದುಕೊಳ್ಳದೆ, ಕೆಟ್ಟಾಗ ಮನೆಬಾಗಿಲಿಗೆ ಬಂದು ಸರಿ ಮಾಡುವ ಜನರನ್ನೂ ಕಟ್ಟಿದರು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಜ್ಜಿಗೆ ಎಂಪಿಪಿಟಿ ಗೊತ್ತಿರಲಿಲ್ಲ. ತನ್ನ ಮನೆಯ ಬ್ಯಾಟರಿಯಲ್ಲಿ ಈಗ ಎಷ್ಟಿದೆ, ಅದು ಎಷ್ಟಕ್ಕೆ ಸಾಲುತ್ತೆ ಅಂತ ಗೊತ್ತಿತ್ತು. ಎಂಜಿನಿಯರಿಂಗ್ ಓದಿದ ಮೊಮ್ಮಗನಿಗೆ ಸರೋವರದ ನಡುವೆ ಅದು ಗೊತ್ತಿರಲಿಲ್ಲ.

ಈಗ ನಮ್ಮ ದೋಣಿಯಲ್ಲಿ ದೀಪಗಳಿಗೆ ಹಿತ್ತಾಳೆಯ ಟಾಗಲ್ ಸ್ವಿಚ್ಚುಗಳಿವೆ. ಒಂದೊಂದಕ್ಕೂ ಒಂದೊಂದು ಫ್ಯೂಸ್, ಪಕ್ಕದಲ್ಲಿ ಚೀಟಿ, ಬಾಗಿಲ ಹಿಂದೆ ಕೈಯಲ್ಲೇ ಬರೆದ ವೈರಿಂಗ್ ನಕ್ಷೆ. ಬ್ಯಾಟರಿ ಸ್ವಿಚ್ 'ಎರಡೂ'ಗೆ ಹೋಗದ ಹಾಗೆ ಒಂದು ಟೇಪ್ ಅಂಟಿಸಿದ್ದೀವಿ. ಫ್ರಿಜ್ಜು ಗಾಳಿ ಬಿಸಿಲು ಎರಡೂ ಇದ್ದ ದಿನ ಮಾತ್ರ ಓಡುತ್ತೆ. ರಾಸ್ಪ್‌ಬೆರಿ ಪೈ ಮನೆಯ ಕಪಾಟಿನಲ್ಲಿದೆ. ನನ್ನ ಇಎಸ್‌ಪಿ32 ಇನ್ನೂ ದೋಣಿಯಲ್ಲೇ ಇದೆ, ಆದರೆ ಕಂಟ್ರೋಲರ್ ಹೇಳೋದನ್ನು ಓದಿ ಪುಟ್ಟ ಪರದೆಯ ಮೇಲೆ ನಾಲ್ಕು ಅಂಕಿ ತೋರಿಸೋದಷ್ಟೇ ಅದರ ಕೆಲಸ. ವೈಫೈಗಾಗಿ ಅದು ಯಾರನ್ನೂ ಕಾಯಲ್ಲ. ಆ ಹದಿನೆಂಟು ಯೂರೊ ಪೆಟ್ಟಿಗೆಯನ್ನೂ ಬಿಸಾಡಿಲ್ಲ. ಮೇಲಿನ ಅಕ್ಷರಗಳನ್ನು ಹೊಡೆದು ಹಾಕಿ, ಮಾರ್ಕರಿನಲ್ಲಿ 'ಪಿಡಬ್ಲ್ಯೂಎಂ, ಒಂದೇ ಪ್ಯಾನೆಲ್' ಅಂತ ಬರೆದು, ಆಪತ್ತಿಗೆ ಇರಲಿ ಅಂತ ಡಬ್ಬದಲ್ಲಿ ಇಟ್ಟಿದ್ದೀವಿ. ನಿಜ ಹೇಳಿದ ಮೇಲೆ ಅದಕ್ಕೂ ಒಂದು ಕೆಲಸ ಸಿಕ್ಕಿತು.

ದೋಣಿ ಇಲ್ಲದ ನಿಮಗೆ ಇದೆಲ್ಲ ಯಾಕೆ ಅಂತೀರಾ? ನಿಮ್ಮ ಫ್ಲ್ಯಾಟಿನಲ್ಲಿ ಯುಪಿಎಸ್ ಇದೆ ತಾನೇ? ಇವತ್ತು ರಾತ್ರಿ ಹೋಗಿ ನೋಡಿ. ಆ ಬ್ಯಾಟರಿಗೆ ಫ್ಯೂಸ್ ಎಲ್ಲಿದೆ? ನೀರು ಹಾಕಿ ಎಷ್ಟು ದಿನ ಆಯ್ತು? ಫೋನ್ ಇಲ್ಲದೆ, ವೈಫೈ ಇಲ್ಲದೆ, ಕತ್ತಲಲ್ಲಿ ಕೈ ಚಾಚಿದರೆ ಸಿಗುವ ಸ್ವಿಚ್ ಒಂದಾದರೂ ಮನೆಯಲ್ಲಿ ಉಳಿದಿದೆಯಾ? ಇಲ್ಲ ಅಂತಾದರೆ ಕನಿಷ್ಠ ಒಂದು ಟಾರ್ಚ್ ಇಟ್ಕೊಳ್ಳಿ. ನಮ್ಮನ್ನು ಕಾಪಾಡಿದ್ದು ಅದೇ.